ನಾನು ತುಂಬಿದ ಉಡಿ

ಶಿವಾನಂದ ಬಾಡಿಗೆಗೆ ಮನೆ ನೋಡಲು ಬಂದ ದಿನ ನಾನು ಅಂಗಳದಲ್ಲಿ ಗ್ಯಾಸ್ ಸಿಲಿಂಡರ್ ಎಳೆದಾಡುತ್ತಿದ್ದೆ. ಆತ ಚಪ್ಪಲಿ ಬಿಟ್ಟು ಒಳಗೆ ಬಂದವನೇ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಅಡುಗೆಮನೆಗೆ ಒಯ್ದಿಟ್ಟ. ರೆಗ್ಯುಲೇಟರ್ ಕೂಡಿಸಿ, ಬಗ್ಗಿ ಮೂಸಿ ನೋಡಿ, "ಸೋರಂಗಿಲ್ರಿ ಮೇಡಂ" ಎಂದ. ಮನೆ ಕೊಡಲು ನನಗೆ ಅಷ್ಟೇ ಸಾಕಾಯಿತು.

ನಾನು ಅರಭಾವಿಯ ತೋಟಗಾರಿಕೆ ಕಾಲೇಜಿನ ಗ್ರಂಥಾಲಯದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಮದುವೆಯಾಗಲಿಲ್ಲ. ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಹಾಸಿಗೆ ಹಿಡಿದ ತಂದೆಯನ್ನು ನೋಡಿಕೊಳ್ಳುತ್ತ ವಯಸ್ಸು ದಾಟಿತು. ಗೋಕಾಕದಲ್ಲಿ ಸಣ್ಣ ಮನೆ ಕಟ್ಟಿಸಿ, ಜೊತೆಗೆ ಯಾರಾದರೂ ಇರಲಿ ಎಂದು ಮೇಲೆ ಎರಡು ಕೋಣೆ ಹಾಕಿಸಿದ್ದೆ. ಅಂಗಳದಿಂದ ಮೇಲಕ್ಕೆ ಹದಿನೆಂಟು ಮೆಟ್ಟಿಲು, ನನ್ನ ಕಿಟಕಿಗೆ ತಾಗಿಕೊಂಡೇ ಇವೆ. ಯಾರು ಹತ್ತಿದರೂ ಇಳಿದರೂ ನನಗೆ ತಿಳಿಯುತ್ತದೆ.

"ಇದ ಛಲೋ ಆತ್ರಿ," ಎಂದ ಶಿವಾನಂದ ಮೆಟ್ಟಿಲನ್ನೂ ಕಿಟಕಿಯನ್ನೂ ನೋಡಿ. "ನಾ ಕೊಣ್ಣೂರ ಕಡೆ ಸಕ್ಕರಿ ಫ್ಯಾಕ್ಟರಿಯೊಳಗ ಫಿಟ್ಟರ್ ಅದೇನಿ. ನಮ್ಮಾಕಿ ಒಬ್ಬಾಕಿನ ಇರ್ತಾಳ. ನಿಮ್ಮ ಕಣ್ಣ ಮುಂದ ಇದ್ರ ನನಗ ಚಿಂತಿಲ್ಲ."

ಎಂಥ ಕಾಳಜಿಯ ಹುಡುಗ ಎಂದುಕೊಂಡೆ.

ಅವನ ಹೆಂಡತಿ ಮಾಯಾ. ಇಪ್ಪತ್ತನಾಲ್ಕು ವರ್ಷ. ಹುಕ್ಕೇರಿ ತಾಲೂಕಿನ ಘೋಡಗೇರಿಯ ಕುರುಬರ ಹುಡುಗಿ. ಅಪ್ಪ ವರ್ಷದ ಎಂಟು ತಿಂಗಳು ಕುರಿ ಹಿಂಡಿನ ಹಿಂದೆ ಊರೂರು ತಿರುಗುವವನು. ನಾನು ದುಡಿದ ಕಾಲೇಜಿನ ನರ್ಸರಿಯಲ್ಲೇ ಅವಳು ಮಾವಿನ ಸಸಿಗಳಿಗೆ ಕಸಿ ಕಟ್ಟುತ್ತಿದ್ದಳು. ದಿನಾ ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುವಳು. ನನ್ನ ಎಡಗಣ್ಣಿನ ಶಸ್ತ್ರಚಿಕಿತ್ಸೆ ಆದಾಗ, ಮೇಲೆ ಹೋಗುವ ಮುಂಚೆ ಕಿಟಕಿಯ ಹೊರಗೇ ನಿಂತು ಹತ್ತು ನಿಮಿಷ ಪೇಪರ್ ಓದಿ ಹೇಳುತ್ತಿದ್ದಳು. "ಒಳಗ ಬಾ" ಎಂದರೆ ಬರುತ್ತಿರಲಿಲ್ಲ. "ಮ್ಯಾಲ ಕೆಲಸ ಐತ್ರಿ ಆಯಿ," ಎನ್ನುತ್ತಿದ್ದಳು. ಯಾರೂ ಹಾಗೆ ಕರೆದಿರಲಿಲ್ಲ ನನ್ನನ್ನು. ಅಜ್ಜಿಯಾಗುವುದಕ್ಕೆ ನನಗೆ ದಾರಿಯಾದರೂ ಎಲ್ಲಿತ್ತು?

ಸಂಜೆ ಆರಕ್ಕೆ ಹದಿನೈದು ನಿಮಿಷ ಇರುವಾಗ ನನ್ನ ಫೋನು ರಿಂಗಾಗುತ್ತಿತ್ತು.

"ಮಾಯಾ ಬಂದ್ಲೇನ್ರಿ ಮೇಡಂ?"

"ಈಗರ ಬಂದ್ಲಪಾ."

"ಒಬ್ಬಾಕಿನ ಬಂದ್ಲೋ, ಜೋಡಿ ಯಾರರ ಇದ್ರೋ?"

"ಒಬ್ಬಾಕಿನ."

"ಹಂಗಾರ ಆತ್ರಿ. ನಿಮ್ದು ಚಾ ಆತೇನ್ರಿ?"

ಅಣ್ಣ ತೀರಿಕೊಂಡ ಮೇಲೆ ನನ್ನ ಫೋನು ದಿನಾ ರಿಂಗಾಗಿದ್ದಿಲ್ಲ. ಚಹಾ ಆಯಿತೇ ಎಂದು ಕೇಳುವವರಂತೂ ಇರಲೇ ಇಲ್ಲ. ಐದೂವರೆಗೆ ಕನ್ನಡಕ ಒರೆಸಿ, ಫೋನನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಬಳಿ ಕೂರುವುದು ರೂಢಿಯಾಯಿತು. ಮಾಯಾ ಬಂದಳೆಂದು ಹೇಳುವುದರಲ್ಲಿ ನನಗೆ ಒಂದು ಸುಖವಿತ್ತು. ಒಂದು ಸಂಸಾರ ನನ್ನ ಮಾತಿಗಾಗಿ ಕಾಯುತ್ತಿದೆ ಎನಿಸುತ್ತಿತ್ತು.

ಒಂದು ಸಂಜೆ ಅಂಗಳದಲ್ಲಿ ಗಾಳಿಗೆ ಅವಳ ಕೈಯಿಂದ ಬಸ್ ಟಿಕೀಟು ಹಾರಿತು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಆ ಸೊನ್ನೆ ಟಿಕೀಟನ್ನು ಯಾರು ಇಟ್ಟುಕೊಳ್ಳುತ್ತಾರೆ? ಮಾಯಾ ಮಾತ್ರ ದಾಸವಾಳದ ಗಿಡದ ಕೆಳಗೆ ಮೊಣಕಾಲೂರಿ, ಬೇಲಿಯ ಮುಳ್ಳುಕಂಟಿಯಲ್ಲಿ ಕೈಹಾಕಿ ಹುಡುಕಿದಳು.

"ಏನ ಹುಡುಗಿ, ಲಾಟರಿ ಟಿಕೀಟೇನ ಅದು?"

"ಅದರಾಗ ಟೈಮ್ ಇರ್ತೈತ್ರಿ ಆಯಿ. ಅವರು ನೋಡ್ತಾರ."

"ಅಯ್ಯ, ಎಷ್ಟ ಕಾಳಜಿ ನಿನ್ನ ಗಂಡಗ!"

ಅವಳೂ ನಕ್ಕಳು. ಮನೆ ಮಾಲೀಕರು ನಕ್ಕಾಗ ಬಾಡಿಗೆಯವರು ನಗುತ್ತಾರಲ್ಲ, ಹಾಗೆ. ಆ ನಗೆಯನ್ನೂ ನಾನು ನಗೆಯೆಂದೇ ತಿಳಿದೆ.

ಫೆಬ್ರುವರಿಯಲ್ಲಿ ನರ್ಸರಿಯ ಗೆಳತಿಯೊಬ್ಬಳ ಕೂಸಿನ ತೊಟ್ಟಿಲ ಕಾರ್ಯವಿತ್ತು. ಮಾಯಾ ಊಟ ಮುಗಿಸಿ ಏಳರ ಬಸ್ಸಿಗೆ ಬಂದಳು. ಗೆಳತಿಯರು ಅವಳ ಜಡೆಗೆ ಮಲ್ಲಿಗೆ ಮುಡಿಸಿ ಕಳಿಸಿದ್ದರು. ಶಿವಾನಂದ ಅಷ್ಟರಲ್ಲಿ ಮೂರು ಸಲ ಫೋನು ಮಾಡಿದ್ದ. ನಾಲ್ಕನೆಯ ಸಲ ನಾನು ಉತ್ಸಾಹದಿಂದಲೇ ಹೇಳಿದೆ: "ಬಂದ್ಲಪಾ. ತಲಿ ತುಂಬ ಮಲ್ಲಿಗಿ ಮುಡಕೊಂಡು ಎಷ್ಟ ಛಂದ ಕಾಣಾಕತ್ತಾಳ ಅಂತಿ!"



"ಮಲ್ಲಿಗಿ?" ಎಂದ. ಚಹಾ ಆಯಿತೇ ಎಂದು ಅವತ್ತು ಕೇಳಲಿಲ್ಲ.

ಮರುದಿನ ಅವಳು ಕೆಲಸಕ್ಕೆ ಹೋಗಲಿಲ್ಲ. ಅವನು ಡ್ಯೂಟಿಗೆ ಹೊರಟ ಮೇಲೆ, ಹತ್ತು ಗಂಟೆಗೆ, ಕೆಳಗಿಳಿದು ಬಂದಳು. ಆ ಸೆಕೆಯಲ್ಲೂ ಕುತ್ತಿಗೆಗೆ ಓಢಣಿ ಸುತ್ತಿಕೊಂಡಿದ್ದಳು. ಮೊದಲ ಬಾರಿಗೆ ಹೊಸ್ತಿಲು ದಾಟಿ ಒಳಗೆ ಬಂದು ಕುಳಿತಳು.

"ಆಯಿ, ಹೂವಿನ ಸುದ್ದಿ ನೀವ ಹೇಳಿದ್ರೇನ್ರಿ?"

ದನಿ ಒಡೆದುಹೋಗಿತ್ತು. ಸಿಟ್ಟಿರಲಿಲ್ಲ ಅದರಲ್ಲಿ, ನಳದ ನೀರು ಬಂತೇ ಎಂದು ಕೇಳಿದ ಹಾಗಿತ್ತು. ಹೌದೆಂದೆ. "ಇರ್ಲಿ ಬಿಡ್ರಿ," ಎಂದಳು. ಚಹಾ ಕೊಟ್ಟೆ. ನುಂಗಲಾರದೆ ಓಢಣಿ ಸಡಿಲಿಸಿದಳು. ಕುತ್ತಿಗೆಯ ಒಂದು ಕಡೆ ನಾಲ್ಕು ಬೆರಳು, ಇನ್ನೊಂದು ಕಡೆ ಒಂದು.

"ಇಲ್ಲೇ ಇರು," ಎಂದೆ. "ಮ್ಯಾಲ ಹೋಗಬ್ಯಾಡ."

ಎರಡು ರಾತ್ರಿ ನನ್ನ ಕೋಣೆಯಲ್ಲಿ ಮಲಗಿದಳು. ಶಿವಾನಂದ ಕಿಟಕಿಯ ಹೊರಗೆ ನಿಂತು ಒಮ್ಮೆ ಬೇಡಿಕೊಂಡ, ಒಮ್ಮೆ ಸುಮ್ಮನೆ ನಿಂತು ಹೋದ. ನಾನು ಬಾಗಿಲು ತೆಗೆಯಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಆ ಎರಡು ದಿನ ನನಗೆ ಸಂತೋಷವಾಗಿತ್ತು. ಇಬ್ಬರಿಗೆ ರೊಟ್ಟಿ ಬಡಿದೆ. ಅವಳಿಗೆ ನುಂಗಲು ಹಗುರಾಗಲೆಂದು ಹಾಲಿನಲ್ಲಿ ಹಿಸುಕಿ ಕೊಟ್ಟೆ.

ಮೂರನೆಯ ದಿನ ಘೋಡಗೇರಿಯಿಂದ ಅವಳ ತಾಯಿ ಸಾವಿತ್ರವ್ವ, ಅಣ್ಣ ಮಾಲಿಂಗ ಬಂದರು. ಹಿಂದೆಯೇ ಶಿವಾನಂದ ಕರದಂಟಿನ ಡಬ್ಬಿ ಹಿಡಿದು ಬಂದ. ಒಳಗೆ ಬರುತ್ತಲೇ ಅತ್ತೆಯ ಕಾಲಿಗೆ ಬಿದ್ದು ಅತ್ತ.

"ನನ್ನ ಜೀವಾನ ಆಕಿ ಅದಾಳ್ರಿ ಅತ್ತಿ. ತಡಾ ಮಾಡಿದ್ಲು, ಚಿಂತ್ಯಾಗ ತಲಿ ಕೆಟ್ಟಂಗಾತು."

ಮಾಲಿಂಗ ತಂಗಿಯ ಕಡೆ ತಿರುಗಿದ. "ಒಂದ್ ಏಟಿಗೆ ಮನಿ ಬಿಟ್ಟು ಇಳದೀಯಲ್ಲ, ನಮ್ಮೂರ ಹೆಣಮಕ್ಕಳೆಲ್ಲ ಹಿಂಗ ಇಳದ್ರ ಸರಕಾರದ ಬಸ್ ಸಾಲ್ತಾವೇನ?"

"ಹೊಡದಿಲ್ಲ ಅವರು," ಎಂದಳು ಮಾಯಾ. "ಕುತಗಿ ಹಿಚಕ್ಯಾರ."

ಸಾವಿತ್ರವ್ವ ಮಗಳ ಪಕ್ಕ ಸರಿದು ಕುಳಿತು, ಸೆರಗಿನಿಂದ ಅವಳ ಹಣೆ ಒರೆಸಿದಳು. ಆ ಒರಟು ಕೈ ಬಹಳ ಮೆಲ್ಲಗೆ ಆಡುತ್ತಿತ್ತು. ಆಮೇಲೆ, "ಆತು, ತಪ್ಪಾತು ಅಂದಾನ. ಗಂಡಸ ಕಾಲಿಗೆ ಬಿದ್ದಾನ. ಇನ್ನ ಉಡಿ ತುಂಬಿ ಕಳಸೂಣು," ಎಂದಳು.

ಮಗಳು ತವರಿಂದ ಗಂಡನ ಮನೆಗೆ ಹೊರಟಾಗ ಬರಿ ಉಡಿಯಲ್ಲಿ ಕಳಿಸುವುದಿಲ್ಲ ನಮ್ಮ ಕಡೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಬೇರು, ಒಂದು ಕುಪ್ಪಸದ ಖಣ, ಎಲೆ ಅಡಿಕೆ. ಇವನ್ನು ಅವಳ ಸೆರಗಿಗೆ ಹಾಕಿ ಹರಸುತ್ತಾರೆ. ಹಾಕುವವರು ಮುತ್ತೈದೆಯರು. ನನ್ನ ಅಣ್ಣನ ಮನೆಯಲ್ಲಿ, ಸೋದರತ್ತೆಯರ ಮನೆಯಲ್ಲಿ ಎಷ್ಟು ಉಡಿ ತುಂಬಿದ್ದನ್ನು ನೋಡಿದ್ದೇನೆ! ತಟ್ಟೆ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಲ್ಲುವುದು ನನ್ನ ಕೆಲಸ. "ನೀನೂ ಬಾ" ಎಂದು ಯಾರೂ ಅಂದಿರಲಿಲ್ಲ. ನಾನೂ ನೊಂದುಕೊಂಡಿರಲಿಲ್ಲ, ಅಥವಾ ಹಾಗೆ ಅಂದುಕೊಂಡಿದ್ದೆ.

ಸಾವಿತ್ರವ್ವ ನನ್ನ ಕಡೆ ನೋಡಿದಳು. "ಅಕ್ಕಾರ, ನೀವ ತುಂಬ್ರಿ."

"ನಾನು? ನಾ ಹೆಂಗ... ನನಗ ಮದವಿ ಆಗಿಲ್ಲವ್ವಾ."

"ಆಗಿಲ್ಲಂದ್ರೇನಾತ್ರಿ? ಎರಡ ದಿನ ನಿಮ್ಮ ಮನ್ಯಾಗ ಅದಾಳ, ನಿಮ್ಮ ರೊಟ್ಟಿ ಉಂಡಾಳ. ಇದ ಆಕಿ ತವರು. ತಾಯಿ ಸರೀನ ನೀವು."

ಅರವತ್ತೇಳು ವರ್ಷಕ್ಕೆ ಆ ಮಾತು ಕೇಳಿದೆ. ಕಣ್ಣು ತುಂಬಿ ಬಂತು. ಸಾವಿತ್ರವ್ವ ಓದಿಲ್ಲದ ಹೆಂಗಸು, ಎಷ್ಟು ದೊಡ್ಡ ಮನಸ್ಸು ಎನಿಸಿತು. ನಾನು ಪೆಟ್ಟಿಗೆ ತೆಗೆದು, ಯಾರಿಗೂ ಕೊಡದೆ ಇಟ್ಟಿದ್ದ ಹಸಿರು ರೇಷ್ಮೆ ಖಣ ತಂದೆ. ಐದು ಹಿಡಿ ಅಕ್ಕಿ ಹಾಕಿದೆ. ಮಾಯಾ ಸೆರಗು ಒಡ್ಡಿ ಕುಳಿತಿದ್ದಳು. ನನ್ನ ಮುಖ ನೋಡಲಿಲ್ಲ, ಕೈಯನ್ನೇ ನೋಡುತ್ತಿದ್ದಳು. ಕುತ್ತಿಗೆಯ ಗುರುತು ಹಳದಿಗೆ ತಿರುಗಿತ್ತು. ಅದು ನನಗೆ ಕಂಡಿತು. ಕಂಡೂ, "ಛಂದಾಗಿ ಬಾಳ ನನ್ನವ್ವ," ಎಂದು ಹಣೆಗೆ ಕುಂಕುಮ ಹಚ್ಚಿದೆ.

ಅವಳು ಎದ್ದು ಹದಿನೆಂಟು ಮೆಟ್ಟಿಲು ಹತ್ತಿದಳು. ಹಿಂದೆ ಶಿವಾನಂದ ಅವಳ ಚೀಲ ಹಿಡಿದುಕೊಂಡು ಹತ್ತಿದ.

ಅಂದಿನಿಂದ ನನ್ನ ಫೋನು ನಿಂತುಹೋಯಿತು. ಅವನಿಗೆ ನನ್ನ ಅಗತ್ಯವಿರಲಿಲ್ಲ. ಮಾಯಾ ಕೆಲಸ ಬಿಟ್ಟಿದ್ದಳು. ಬಿಟ್ಟಳೋ ಬಿಡಿಸಿದನೋ ನಾನು ಕೇಳಲಿಲ್ಲ. ಅರಭಾವಿಯ ಬಸ್ಸಿನ ಕಂಡಕ್ಟರ್ ಲಕ್ಷ್ಮಣ ಸಂತೆಯಲ್ಲಿ ಸಿಕ್ಕಾಗ, "ಆ ಹುಡುಗಿ ಬರವಲ್ಲಳಲ್ರಿ ಮೇಡಮ್ಮಾರ, ಆರಾಮ ಅದಾಳಿಲ್ಲೋ? ದಿನಾ ಓಡಿ ಬರಾಕಿ, ನಾ ಒಂದ್ ನಿಮಿಷ ಬಸ್ ನಿಂದರಸ್ತಿದ್ದೆ," ಎಂದ. ಒಂದು ನಿಮಿಷ ತಡವಾದರೆ ಅವಳಿಗೆ ಏನಾಗುತ್ತದೆಂದು ಆತನಿಗೆ ಗೊತ್ತಿರಲಿಲ್ಲ. ಆದರೂ ನಿಲ್ಲಿಸುತ್ತಿದ್ದ. ನನಗೆ ಗೊತ್ತಿತ್ತು. "ಆರಾಮ ಅದಾಳ," ಎಂದೆ.

ಮೇ ತಿಂಗಳ ಮೊದಲ ವಾರ ಮೇಲಿನ ಬಾಗಿಲಿಗೆ ಹೊರಗಿನಿಂದ ಬೀಗ ಕಂಡಿತು. "ಘೋಡಗೇರಿಗೆ ಹೋಗ್ಯಾಳ್ರಿ, ತಿಂಗಳೊಪ್ಪತ್ತು ಬರಂಗಿಲ್ಲ," ಎಂದ ಶಿವಾನಂದ. ನಂಬಿದೆ. ತಾಯಿಯ ಹತ್ತಿರ ಇದ್ದು ಬರಲಿ ಎಂದು ಸಮಾಧಾನವೂ ಆಯಿತು.

ಒಂಬತ್ತನೆಯ ದಿನ, ಬೆಳಗಿನ ಹನ್ನೊಂದಕ್ಕೆ, ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಮೇಲಿನ ಬಚ್ಚಲಿನ ಪೈಪು ಅಲ್ಲಿಯೇ ಇಳಿಯುತ್ತದೆ. ಅದರಿಂದ ನೀರು ಬಂತು. ಮೊದಲು ತೆಳ್ಳಗೆ, ಆಮೇಲೆ ಸಾಬೂನಿನ ನೊರೆ. ಶಿವಾನಂದ ಡ್ಯೂಟಿಗೆ ಹೋಗಿ ಮೂರು ಗಂಟೆಯಾಗಿತ್ತು. ಅಂಗಳಕ್ಕೆ ಬಂದು ತಲೆಯೆತ್ತಿ ನೋಡಿದೆ. ಬೀಗ ಬೀಗದಂತೆಯೇ ಇತ್ತು. ಒಳಗೆ ಯಾರೋ ಸದ್ದಾಗದ ಹಾಗೆ, ತಂಬಿಗೆ ತಂಬಿಗೆ ನೀರು ಹಾಕಿಕೊಂಡು ಸ್ನಾನ ಮಾಡುತ್ತಿದ್ದರು.

ಮೊಣಕಾಲು ನೋವಿನಿಂದ ಎರಡು ವರ್ಷ ನಾನು ಮೇಲೆ ಹೋಗಿರಲಿಲ್ಲ. ಗೋಡೆ ಹಿಡಿದು ಹತ್ತಿದೆ. ಬಾಗಿಲ ಪಕ್ಕದ ಕಿಟಕಿ ಮುಚ್ಚಿತ್ತು. ಬಡಿದೆ.

"ಮಾಯಾ. ನಾನವಾ, ಆಯಿ."

ಬಹಳ ಹೊತ್ತಿನ ಮೇಲೆ ಕಿಟಕಿ ಒಂದು ಬೆರಳಷ್ಟು ತೆರೆಯಿತು.

"ಕೆಳಗ ಹೋಗ್ರಿ ಆಯಿ. ಅವರಿಗೆ ಗೊತ್ತಾದ್ರ..."

"ಯಾರು ಹೇಳ್ತಾರ ಅವಂಗ?"

"ನೀವ ಹೇಳ್ತೀರಿ," ಎಂದಳು. "ಕೇಳಿದ್ರ ಹೇಳ್ತೀರಿ. ನೀವು ಭಾಳ ಒಳ್ಳೇರು."

ಬೈದಿದ್ದರೆ ಉತ್ತರ ಕೊಡುತ್ತಿದ್ದೆನೇನೋ. ಕಿಟಕಿಯ ಸರಳುಗಳನ್ನು ಹಿಡಿದು ನಿಂತೆ. ಆತ ಸಿಲಿಂಡರ್ ಎತ್ತಿಕೊಟ್ಟದ್ದು, ಚಹಾ ಆಯಿತೇ ಎಂದದ್ದು, ಚೀಲ ಹಿಡಿದದ್ದು, ಎಲ್ಲವನ್ನೂ ನಾನು ಜೋಪಾನವಾಗಿ ನೆನಪಿಟ್ಟಿದ್ದೆ. ಆ ಟಿಕೀಟು, ಆ ಬೀಗ, ಆ ಐದು ಬೆರಳು ಒಂದೇ ಮನುಷ್ಯನವು ಎಂದು ಜೋಡಿಸಿ ನೋಡಲು ನನಗೆ ಮನಸ್ಸಿರಲಿಲ್ಲ. ಜೋಡಿಸಿದರೆ ಸಂಜೆಯ ಫೋನು ಹೋಗುತ್ತಿತ್ತು.

"ನಾ ನಿನ್ನ ಉಡಿ ತುಂಬಬಾರದಿತ್ತು," ಎಂದೆ. "ತಪ್ಪಾತು ನಂದು. ಈಗ ಹೇಳು, ನಿನಗ ಹೊರಗ ಬರೂದೈತೇನು? ನಾ ಅನ್ನೂದಲ್ಲ. ನಿನಗ?"

ಕಿಟಕಿ ಇನ್ನೂ ಸ್ವಲ್ಪ ತೆರೆಯಿತು.

ಅಲ್ಲಿಯೇ ನಿಂತು ಮಹಿಳಾ ಸಹಾಯವಾಣಿಗೆ, ಒಂದು ಎಂಟು ಒಂದಕ್ಕೆ, ಫೋನು ಹಚ್ಚಿದೆ. ಆ ನಂಬರು ಆಸ್ಪತ್ರೆಯ ಗೋಡೆಯ ಮೇಲೆ ಎಷ್ಟೋ ಸಲ ಓದಿದ್ದೆ. ಬೇರೆ ಯಾರಿಗೋ ಬರೆದದ್ದು ಎಂದುಕೊಳ್ಳುತ್ತಿದ್ದೆ. ಅವರು ನೊಂದ ಹೆಂಗಸರಿಗೆ ನೆರವಾಗುವ ನಮ್ಮ ಜಿಲ್ಲೆಯ ಸಖಿ ಕೇಂದ್ರಕ್ಕೆ ಜೋಡಿಸಿಕೊಟ್ಟರು. ವಿದ್ಯಾ ಎಂಬ ಹೆಣ್ಣುಮಗಳು ಮಾತಾಡಿದಳು. ಗಂಡ ಈಗ ಎಲ್ಲಿದ್ದಾನೆ, ಎಷ್ಟು ಹೊತ್ತಿಗೆ ಬರುತ್ತಾನೆ ಎಂದು ಮೊದಲು ಕೇಳಿದಳು.

"ಕುತಗಿಗೆ ಎಂದರ ಕೈ ಹಾಕ್ಯಾನೇನ್ರಿ?"

"ಹಾಕ್ಯಾನ."

"ಹಂಗಾರ ಇದು ಭಾಳ ಅಪಾಯದ್ದು ಐತ್ರಿ ಅಕ್ಕಾರ. ಜೀವಕ್ಕ ಕುತ್ತು. ಫೋನ್ ಆಕೀಗಿ ಕೊಡ್ರಿ. ಆಕಿನ ಹೇಳ್ಬೇಕು."

ಸರಳಿನ ನಡುವೆ ಫೋನು ಕೊಟ್ಟೆ. ಒದ್ದೆ ಕೈಯೊಂದು ಅದನ್ನು ತೆಗೆದುಕೊಂಡಿತು. ಅವಳು ಬಿಚ್ಚಿ ಮಾತಾಡಲೆಂದು ನಾನು ಆರು ಮೆಟ್ಟಿಲು ಕೆಳಗಿಳಿದು ಕುಳಿತೆ. ಸಿಮೆಂಟು ಸುಡುತ್ತಿತ್ತು. ಇಪ್ಪತ್ತು ನಿಮಿಷ ಕುಳಿತಿದ್ದೆ. ಮೇಲೆ ಒಮ್ಮೆ ಅಳು ಕೇಳಿತು, ಆಮೇಲೆ ಅವಳ ಹೆಸರು, ಗಂಡನ ಹೆಸರು, ಊರು, ಒಂದೊಂದಾಗಿ ಹೇಳುವುದು ಕೇಳಿತು.

ಎರಡೂವರೆಗೆ ಜೀಪು ಬಂತು. ವಿದ್ಯಾ, ಇನ್ನೊಬ್ಬ ಹೆಂಗಸು, ಒಬ್ಬ ಮಹಿಳಾ ಪೊಲೀಸು.

"ಮನಿ ನಿಮ್ದೇನ್ರಿ?" ಎಂದಳು ಪೊಲೀಸು. "ಬೀಗ ಒಡಿಯೂದೈತಿ."

"ಒಡೀರಿ," ಎಂದೆ. "ಬೀಗ ಅಷ್ಟ ಯಾಕ, ಬಾಗಲಾನೂ ಒಡೀರಿ."

ಮೂರು ಏಟಿಗೆ ತೆರೆಯಿತು. ಮಾಯಾ ಬರಿಗಾಲಲ್ಲಿ ನಿಂತಿದ್ದಳು. ಅವಳು ಎಲ್ಲಿಗೂ ಹೋಗದಿರಲೆಂದು ಚಪ್ಪಲಿಗಳನ್ನೂ ಅವನು ಒಯ್ದಿಟ್ಟಿದ್ದನಂತೆ. ನನ್ನವನ್ನು ಬಿಟ್ಟುಕೊಟ್ಟೆ. ದೊಡ್ಡವಾದವು. ಆ ಪೊಲೀಸು ಹೆಣ್ಣುಮಗಳು ಲಾಠಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬಗ್ಗಿ, ಚಪ್ಪಲಿಯ ಪಟ್ಟಿ ಬಿಗಿ ಮಾಡಿ ಹಾಕಿಕೊಟ್ಟಳು.

"ತವರಿಗೆ ಹೋಗ್ತೀಯೇನು?" ಎಂದು ವಿದ್ಯಾ ಕೇಳಿದಳು.

"ಬ್ಯಾಡ್ರಿ. ಅವ್ವ ಮತ್ತ ಕಳಸ್ತಾಳ."

ಮೆಟ್ಟಿಲಿಳಿದು ಬರುವಷ್ಟರಲ್ಲಿ ನನ್ನ ಬಾಯಿಂದ ಬಂದೇಬಿಟ್ಟಿತು: "ಹಂಗಾರ ಎಲ್ಲಿಗೆ ಕರಕೊಂಡ ಹೋಗ್ತೀರಿ?"

ವಿದ್ಯಾ ನನ್ನ ಭುಜದ ಮೇಲೆ ಕೈಯಿಟ್ಟಳು. "ಮೊದಲ ದವಾಖಾನಿ. ಮುಂದಿಂದು ನೀವು ತಿಳಕೊಳ್ಳದಿದ್ರ ಛಲೋ. ಕೇಳಾಕ ಬರೋರು ನಿಮ್ಮ ಹಂತೇಕ ಬರ್ತಾರ. ಗೊತ್ತಿದ್ರ ಮಾರಿ ಮ್ಯಾಲ ಕಾಣ್ತೈತಿ."

ಮಾಯಾ ಜೀಪು ಹತ್ತುವ ಮುಂಚೆ ತಿರುಗಿ ನೋಡಿದಳು. ಏನಾದರೂ ಹೇಳುತ್ತಾಳೆಂದು ಕಾದೆ. ಹೇಳಲಿಲ್ಲ. ಬದುಕುವ ಗಡಿಬಿಡಿಯಲ್ಲಿರುವವರು ಹಿಂದೆ ಉಳಿದವರಿಗೆ ಸಮಾಧಾನ ಹೇಳಬೇಕೆಂದೇನೂ ಇಲ್ಲ.

ಏಳೂವರೆಗೆ ಶಿವಾನಂದ ಬಂದ. ಮೇಲೆ ಹೋದ, ಓಡುತ್ತ ಇಳಿದ. ವಿದ್ಯಾ ಹೇಳಿದ್ದಂತೆ ನಾನು ಗ್ರಿಲ್ ಬಾಗಿಲಿಗೆ ಒಳಗಿನಿಂದ ಕೀಲಿ ಹಾಕಿದ್ದೆ. ಠಾಣೆಯ ನಂಬರು ಫೋನಿನಲ್ಲಿತ್ತು. ಎದುರು ಮನೆಯ ದುಂಡಪ್ಪನವರಿಗೆ ಕಟ್ಟೆಯ ಮೇಲೆ ಕುಳಿತಿರಲು ಹೇಳಿದ್ದೆ.

"ಮೇಡಂ, ಮಾಯಾ ಎಲ್ಲಿ?" ದನಿ ಮೆತ್ತಗಿತ್ತು. ಅದೇ ದನಿ, ಸಂಜೆಯ ಫೋನಿನದು.

"ಪೊಲೀಸರು ಬಂದಿದ್ರು. ಅವರ ಜೋಡಿ ಹೋದ್ಲು."

"ಎಲ್ಲಿಗೆ?"

"ನನಗ ಗೊತ್ತಿಲ್ಲ."

"ನಿಮಗ ಗೊತ್ತಿಲ್ಲದಂಗ ಏನರ ಆಗತೈತೇನ್ರಿ ಈ ಮನ್ಯಾಗ?" ಎಂದು ನಕ್ಕ. ಆಮೇಲೆ ಮೆಟ್ಟಿಲ ಮೇಲೆ ಕುಸಿದು ಕುಳಿತು ಅತ್ತ. ಖರೆಯೇ ಅತ್ತ, ಆ ಅಳು ಸುಳ್ಳೆಂದು ಇವತ್ತೂ ಹೇಳಲಾರೆ. "ಉಪವಾಸ ಅದೇನ್ರಿ ಮುಂಜಾನಿಂದ. ಒಂದ್ ಕಪ್ ಚಾ ಕೊಡ್ರಿ ಮೇಡಂ. ಕುಂತು ಮಾತಾಡೂಣು."

ಮನೆ ಬಾಗಿಲಿಗೆ ಬಂದವರಿಗೆ ಚಹಾ ಇಲ್ಲ ಎಂದವಳಲ್ಲ ನಾನು. ಕಾಲು ತಾನಾಗಿ ಅಡುಗೆಮನೆಯ ಕಡೆ ತಿರುಗಿತು. ತಡೆದು ನಿಂತೆ.

"ಇಲ್ಲಪಾ," ಎಂದೆ. "ನಾಳೆ ಹಗಲ ನಿನ್ನ ಸಾಮಾನ ಒಯ್ಯಿ. ದುಂಡಪ್ಪನವರು ಇರ್ತಾರ."

ಆತ ಮುಖವೆತ್ತಿ ನೋಡಿದ. ಅಲ್ಲಿ ಅಳು ಇರಲಿಲ್ಲ. ಒಂಬತ್ತು ದಿನ ಕತ್ತಲೆಯಲ್ಲಿ ಮಾಯಾ ನೋಡಿದ ಮುಖ ಅದೇ ಇರಬೇಕು. ಗ್ರಿಲ್ಲನ್ನು ಒಮ್ಮೆ ಜೋರಾಗಿ ಒದ್ದ. ದುಂಡಪ್ಪನವರು ಕೆಮ್ಮುತ್ತ ಎದ್ದು ನಿಂತರು. ಹೊರಟುಹೋದ. ಮೂಡಲಗಿಯಲ್ಲಿ ಅವನ ಅಣ್ಣನ ಮನೆಯಿದೆ, ಈಗ ಅಲ್ಲಿದ್ದಾನೆಂದು ಕೇಳಿದ್ದೇನೆ. ಅವಳ ಹತ್ತಿರ ಸುಳಿಯಬಾರದೆಂದು ನ್ಯಾಯಾಲಯ ಆದೇಶ ಮಾಡಿದೆ. ನಾನೂ ಹೋಗಿ ಸಾಕ್ಷಿ ಹೇಳಿದೆ. ಮಲ್ಲಿಗೆಯ ಮಾತನ್ನೂ, ಉಡಿಯ ಮಾತನ್ನೂ ಮುಚ್ಚಿಡಲಿಲ್ಲ.

ಸಾವಿತ್ರವ್ವ ಒಮ್ಮೆ ಬಂದು ಅಂಗಳದಲ್ಲೇ ನಿಂತು ಬೈದಳು. "ಸಂಸಾರ ಮಾಡದಾಕಿ, ನನ್ನ ಮಗಳ ಸಂಸಾರ ಮುರದಿ!" ಬೈದು ದಣಿದು ಕಟ್ಟೆಯ ಮೇಲೆ ಕುಳಿತಳು. ನೀರು ಕೊಟ್ಟೆ. ಕುಡಿದು, ತಂಬಿಗೆ ಹಿಡಿದುಕೊಂಡೇ, "ಉಣ್ಣಾಕ ತಿನ್ನಾಕ ಬರೊಬ್ಬರಿ ಕೊಡತಾರೇನ್ರಿ ಅಲ್ಲಿ?" ಎಂದು ಕೇಳಿದಳು. ಕೊಡುತ್ತಾರೆ ಎಂದೆ. ನನಗೂ ಗೊತ್ತಿರಲಿಲ್ಲ.

ಮೇಲಿನ ಮನೆಯನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ. ಸಂಜೆ ಐದೂವರೆಗೆ ಕಿಟಕಿಯ ಬಳಿ ಕೂರುವುದನ್ನು ಬಿಟ್ಟಿದ್ದೇನೆ. ಆ ಹೊತ್ತಿಗೆ ಹೊರಗೆ ತಿರುಗಾಡಿ ಬರುತ್ತೇನೆ. ಮಾತಿಲ್ಲದೆ ಎರಡು ದಿನ ಕಳೆದದ್ದು ಕೆಲವು ಸಲ ಮೂರನೆಯ ದಿನ ಹಾಲಿನವನೊಡನೆ ಮಾತಾಡಿದಾಗ ಗೊತ್ತಾಗುತ್ತದೆ, ದನಿ ಕಟ್ಟಿಕೊಂಡಿರುತ್ತದೆ.

ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ವಿದ್ಯಾಳ ಫೋನು ಬಂತು.

"ಅಕ್ಕಾರ, ಮಾಯಾ ಆರಾಮ ಅದಾಳ. ಕೆಲಸಕ್ಕ ಹೊಂಟಾಳ. ನಿಮಗ ಅಷ್ಟ ಹೇಳ್ರಿ ಅಂದ್ಲು."

ಎಂಥ ಕೆಲಸ, ಯಾವ ಊರು, ಅನ್ನ ನುಂಗಲು ಈಗಲೂ ತೊಂದರೆಯೇ, ರಾತ್ರಿ ನಿದ್ದೆ ಬರುತ್ತದೆಯೇ, ಜೊತೆಗೆ ಯಾರಾದರೂ ಇದ್ದಾರೆಯೇ, ಕೇಳುವುದು ಬಹಳವಿತ್ತು. ಒಂದನ್ನೂ ಕೇಳಲಿಲ್ಲ.

"ಆತವಾ," ಎಂದೆ. "ಭಾಳ ಛಲೋ ಆತು."

ವಿದ್ಯಾ ಕೂಡಲೇ ಫೋನು ಇಡಲಿಲ್ಲ. ಅವಳ ಹಿಂದೆ ಬೇರೆ ಫೋನುಗಳು ರಿಂಗಾಗುತ್ತಿದ್ದವು, ಯಾರೋ ಅವಳನ್ನು ಕರೆಯುತ್ತಿದ್ದರು. ಆದರೂ ನನ್ನ ಅಳು ನಿಲ್ಲುವವರೆಗೆ ಫೋನು ಹಾಗೆಯೇ ಹಿಡಿದುಕೊಂಡಿದ್ದಳು.